ಹೊಳೆಗೆ ಬಿಟ್ಟ ನೀರು

ಬೆರಳಿಗೆ ಸೂಜಿ ಚುಚ್ಚಿಸಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ದರ್ಜಿ ಹೆಂಗಸಿಗೆ ಪಕ್ಕದ ಅಕ್ಕತಂಗಿಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಅಕ್ಕನ ಮಡಿಲಲ್ಲಿ ಅವಳ ಪುಟ್ಟ ಮಗಳು ಕಾಲು ಕೆರೆದುಕೊಳ್ಳುತ್ತಿದ್ದಳು.

"ಹೊಳೆಗಿಳಿದರೆ ಇನ್ನೇನಾಗತ್ತೆ? ನೀನು ದುಡಿಯೋ ಬಣ್ಣದ ಕಾರ್ಖಾನೆ ನೀರೆಲ್ಲ ಅಲ್ಲಿಗೇ ಬಿಡ್ತಾರೆ," ಎಂದಳು ತಂಗಿ. "ನಾಳೆ ಅಧಿಕಾರಿಗಳ ಸಭೇಲಿ ಹೇಳೇ ಹೇಳ್ತೀನಿ."

"ಹೇಳು. ಕಾರ್ಖಾನೆ ಮುಚ್ಚಿದ ಮೇಲೆ ನನ್ನ ಮನೆ ಒಲೆ ನೀನೇ ಹಚ್ಚು."

"ಮುಚ್ಚಿ ಅಂತ ಯಾರಂದ್ರು ಅಕ್ಕಾ? ನೀರು ಶುದ್ಧ ಮಾಡಿ ಬಿಡಿ ಅಂತೀನಿ."

"ಅಷ್ಟು ಖರ್ಚು ಮಾಡೋ ಬದಲು ಬೀಗ ಹಾಕ್ತೀನಿ ಅಂತ ಮಾಲೀಕರು ಆಗಲೇ ಹೆದರಿಸಿದ್ದಾರೆ."

"ಹಾಗಾದ್ರೆ ಸುಮ್ಮನಿರಲಾ?"

ಅಕ್ಕ ಮಗಳ ಕೈ ಹಿಡಿದು ಕೆರೆತ ನಿಲ್ಲಿಸಿದಳು. ಬಿಟ್ಟ ಕೂಡಲೇ ಮಗು ಮತ್ತೆ ಶುರುಮಾಡಿತು.

ಅಷ್ಟರಲ್ಲಿ ನರ್ಸ್ ಕರೆದಳು. ಅಕ್ಕ ಮಗಳನ್ನು ಎತ್ತಿಕೊಂಡು ಎದ್ದಳು.

"ನಾಳೆ ಸಭೆಗೆ ಮಾಲೀಕರು ಕೆಲಸದೋರಾದ ನಮ್ಮನ್ನೂ ಕರಕೊಂಡು ಬಂದು ನಿಮ್ಮೆದುರಿಗೆ ಕೂರಿಸ್ತಾರಂತೆ. ನೀನು ಮಾತಾಡು. ನನ್ನ ಮುಖ ಮಾತ್ರ ನೋಡಬೇಡ. ನೋಡಿದ್ರೆ ನಿನ್ನ ಬಾಯಿ ಕಟ್ಟಿಹೋಗತ್ತೆ."

ತಂಗಿ ಚೀಲ ಎತ್ತಿಕೊಂಡು ಅವಳ ಹಿಂದೆಯೇ ಒಳಗೆ ಹೋದಳು.