ಅಜ್ಜಿಯ ಸರದಿ

ಮಧ್ಯಾಹ್ನದ ಬಸ್ಸು ತೊಟ್ಟಿಲಿನಂತೆ ತೂಗುತ್ತಿತ್ತು. ನನ್ನ ಮುಂದಿನ ಸೀಟಿನಲ್ಲಿ ತಾಯಿಯ ತೊಡೆಗೊರಗಿದ್ದ ಪುಟ್ಟಿ ಅರೆನಿದ್ದೆಯಲ್ಲೇ ಮಾತಾಡುತ್ತಿದ್ದಳು.

“ಅಮ್ಮಾ, ರಾತ್ರಿ ಊಟಕ್ಕೆ ಕೂತಾಗ ನನ್ನ ಸರದಿ ಬಂದ್ರೆ ಯಾರನ್ನ ನೆನೆಸ್ಕೊಳ್ಳಲಿ?”

“ಇವತ್ತು ನಿನಗೆ ಯಾರು ಉಪಕಾರ ಮಾಡಿದ್ರೋ ಅವರನ್ನ, ಬಂಗಾರ.”

“ಸ್ಕೂಲಲ್ಲಿ ಶೂ ಲೇಸ್ ಕಟ್ಟಿಕೊಟ್ಟ ಆಯಮ್ಮನ್ನ. ಅಪ್ಪ ಮಾತ್ರ ದಿನಾ ಬಸ್ ಡ್ರೈವರನ್ನೇ ಹೇಳ್ತಾರೆ.”

“ಹೇಳ್ಕೊಳ್ಳಲಿ ಬಿಡು.”

“ಅಜ್ಜಿಗೆ ಯಾಕೆ ಸರದಿನೇ ಇಲ್ಲ?”

“ಇದೆಯಲ್ಲ, ಕೊನೇದು.”

“ಅಜ್ಜಿ ಬಡಿಸಿ ಮುಗಿಸೋ ಹೊತ್ತಿಗೆ ನಾವೆಲ್ಲ ಕೈ ತೊಳ್ಕೊಂಡಿರ್ತೀವಿ.”

ತಾಯಿ ಕಿಟಕಿಯಾಚೆ ನೋಡಿದಳು. ಬಿಸಿಲು, ನೆರಳು, ಮತ್ತೆ ಬಿಸಿಲು.

“ಅಜ್ಜೀನ ಯಾರೂ ನೆನೆಸ್ಕೊಂಡೇ ಇಲ್ಲ ಅಲ್ವಾ?” ಎನ್ನುತ್ತಲೇ ಪುಟ್ಟಿ ನಿದ್ದೆಹೋದಳು.

ಸ್ಟಾಪ್ ಬಂತು. ಮಗಳನ್ನು ಹೆಗಲಿಗೇರಿಸಿ ಇಳಿಯುತ್ತ ತಾಯಿ ಫೋನ್ ಕಿವಿಗಿಟ್ಟಳು.

“ಅತ್ತೇ, ರಾತ್ರಿ ಊಟಕ್ಕೆ ನೀವು ಮೊದಲು ಕೂತ್ಕೊಳ್ಳಿ. ಬಡಿಸೋದು ನಾನು.”