ದೊಡ್ಡ ನಷ್ಟದ ಹುಡುಗಿ

ರಾಜ್‌ಕೋಟ್‌ನಲ್ಲಿ ಭಾನುವಾರ ಬೆಳಿಗ್ಗೆ ಫಾಫ್ಡಾ ತಿಂಡಿಯ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಹೆಂಗಸರು ನಿಂತಿದ್ದರು. ಅವರಲ್ಲೊಬ್ಬರಾದ ಕುಮುದ್‌ಬೆನ್ ಅವರ ಮಗಳನ್ನು ನೋಡಲು ಹಿಂದಿನ ದಿನ ಗಂಡಿನ ಕಡೆಯವರು ಬಂದಿದ್ದರಂತೆ. ಜೊತೆಗಿದ್ದ ಪಕ್ಕದ ಮನೆಯ ಜಸುಬೆನ್ ಕೇಳದೆ ಬಿಡುವವರಲ್ಲ.

"ಹುಡುಗ ಹೇಗಿದಾನೆ ಕುಮುದ್‌ಬೆನ್?"

"ಚೆನ್ನಾಗಿದಾನೆ. ನಮ್ಮ ಹೇತಲ್ ಮೊದಲು ಕೇಳಿದ್ದೇ, ಷೇರಲ್ಲಿ ಎಷ್ಟು ಕಳ್ಕೊಂಡಿದೀರಿ ಅಂತ."

"ಅಯ್ಯೋ, ಹಾಗೆಲ್ಲ ಕೇಳ್ತಾರಾ?"

"ಹೋದ ತಿಂಗಳು ಬಂದಿದ್ನಲ್ಲ, ಅವನನ್ನೂ ಕೇಳಿದ್ಲು. 'ನಂಗೆ ನಷ್ಟಾನೇ ಇಲ್ಲ, ಬೆಲೆ ಬಿದ್ದ ಷೇರನ್ನ ನಾನು ಮಾರೋದೇ ಇಲ್ಲ' ಅಂದ. ಅಲ್ಲಿಗೇ ಮುಗೀತು."

"ಇವನು?"

"ಭಾವನ ಮಾತು ಕೇಳಿ ಎರಡು ಲಕ್ಷ ಕಳ್ಕೊಂಡೆ ಅಂತ ಒಪ್ಕೊಂಡ. ಆಗ ಅವರಮ್ಮ, 'ನಿಮ್ಮ ಹುಡುಗೀದು?' ಅಂದ್ರು. ನಾನು ಕಣ್ಣಲ್ಲೇ ಬೇಡ ಅಂತಿದೀನಿ, ಇವಳು ಐದು ಲಕ್ಷ ಅಂದೇಬಿಟ್ಲು!"

"ಕೆಟ್ತಲ್ಲ ಕೆಲಸ!"

"ಕೇಳಿ. 'ಬೆಲೆ ಬಿದ್ದಷ್ಟೂ ಅಗ್ಗ ಅಂತ ಮತ್ತೆ ಮತ್ತೆ ಕೊಂಡೆ. ಈಗ ನಮ್ಮಜ್ಜಿಗೆ ತಿಳಿಸಿ ಹೇಳೋಕಾಗದ ಕಂಪನಿ ಷೇರು ಮುಟ್ಟೋದೇ ಇಲ್ಲ' ಅಂದ್ಲು."

"ಅವರೇನಂದ್ರು?"

ಬಿಸಿ ಪೊಟ್ಟಣಗಳು ಕೈಗೆ ಬಂದವು. ಇಬ್ಬರೂ ಸ್ಕೂಟರಿನತ್ತ ನಡೆದರು. ಕುಮುದ್‌ಬೆನ್ ದನಿ ಮಾತ್ರ ಇಡೀ ಸಾಲಿಗೆ ಕೇಳುತ್ತಿತ್ತು.

"ಹೊರಡೋವಾಗ ಹುಡುಗನ ಅಪ್ಪ ಹಿಂದೆ ಉಳ್ಕೊಂಡು, 'ನಂದೂ ಒಂದು ಷೇರು ಬಿದ್ದಿದೆಯಮ್ಮ, ಮನೇಲಿ ಗೊತ್ತಿಲ್ಲ, ಏನು ಮಾಡ್ಲಿ?' ಅಂತ ಮೆಲ್ಲಗೆ ಕೇಳಿದ್ರು. ನನ್ನ ಮಗಳು ಏನಂದ್ಲು ಗೊತ್ತಾ? 'ಮೊದಲು ಅತ್ತೆಗೆ ಹೇಳಿ, ಮಾವ' ಅಂದ್ಲು!"