ಮೇಣದ ಮೇಲಿನ ಹೆಬ್ಬೆರಳು

ತುರುವನೂರಿನ ಏಕನಾಥಮ್ಮನ ಪಡಸಾಲೆಯಲ್ಲಿ ಬಿತ್ತನೆಯ ಶೇಂಗಾ ಸುಲಿಯುವ ಕೆಲಸ ಅರ್ಧಕ್ಕೆ ಬಂದಿದ್ದಾಗ ಮಳೆ ಹಿಡಿಯಿತು. ಸಂಜೆ ನಾಲ್ಕಕ್ಕೇ ದೀಪ ಹಚ್ಚುವಷ್ಟು ಕತ್ತಲು. ಅಂಚೆ ಹಂಚಲು ಬಂದಿದ್ದ ಮುರುಗಪ್ಪ ಸೈಕಲ್ಲನ್ನು ಒಳಗೆ ತಳ್ಳಿ, ಚೀಲ ಮಡಿಲಲ್ಲಿಟ್ಟುಕೊಂಡು ಕುಳಿತ. ಮೊಮ್ಮಗಳು ಕಾವ್ಯ ಬೇಸರಕ್ಕೆ ಎದ್ದು ಗೋಡೆಯ ಕಿನ್ನರಿಗೆ ಕೈ ಚಾಚಿದಳು. ಬಿದಿರಿನ ಗಳಕ್ಕೆ ಮೂರು ಸೋರೆಬುರುಡೆ ಕಟ್ಟಿ, ಸ್ವರಕ್ಕೊಂದು ಮೆಟ್ಟನ್ನು ಮೇಣದಲ್ಲಿ ಕೂರಿಸಿದ ಹಳೆಯ ತಂತಿವಾದ್ಯ ಅದು. ಏಕನಾಥಮ್ಮ ಅವಳ ಕೈ ಹಿಡಿದು ಹಿಂದಕ್ಕೆಳೆದಳು.

"ಮುಟ್ಟಬ್ಯಾಡ ಕಣವ್ವ, ಕುಂತ್ಕ. ಮುರುಗಪ್ಪ, ನೀವೂ ಕೇಳ್ರಿ, ನಿಮಗೂ ಇದ್ರಲ್ಲಿ ಒಂದು ಕೆಲಸ ಐತೆ.

"ನಮ್ಮ ಮಾವ ಚಿತ್ತಪ್ಪನೋರು ಇದನ್ನ ಹೆಗಲಿಗೆ ಹಾಕ್ಕಂಡು ಹಿರಿಯೂರಿಂದ ಹೊಳಲ್ಕೆರೆ ತಂಕ ಹಾಡ್ಕಂತ ತಿರುಗಿದೋರು. ಕಣದಲ್ಲಿ ತೆನೆ ಮ್ಯಾಲೆ ಉರುಳಿಸೋ ರೋಣಗಲ್ಲಿಗೆ ಸಿಕ್ಕಿ ಬಲಗೈ ಹೆಬ್ಬೆರಳ ಉಗುರು ನಟ್ಟನಡುವೆ ಸೀಳಿತ್ತು, ಸಾಯೋ ತಂಕ ಕೂಡ್ಲಿಲ್ಲ. ನನಗೂ ಕಲಿಸ್ರಿ ಮಾವ ಅಂದಿದ್ದೆ. ಹೆಂಗಸರ ಕೈಗೆ ಯಾಕವ್ವ ಇದು ಅಂದ್ರು. ಹಂಗೇ ಹೋಗಿಬಿಟ್ರು...

"ತೊಂಬತ್ತೆಂಟರಲ್ಲಿ ಮತ್ತೋಡಿನ ಹುಡುಗಿ ಮೇಘಶ್ರೀ ಈ ಕಿನ್ನರಿ ಹುಡುಕ್ಕಂಡು ಬಂದು, ರಜೆ ಪೂರ್ತಿ ನಮ್ಮನೇಲೇ ಉಳಿದ್ಲು. ಹಳೇ ಹಾಡನ್ನ ಹಳೇ ವಾದ್ಯದಲ್ಲೇ, ಆಗಿನೋರು ನುಡಿಸಿದಂಗೇ ನುಡಿಸೋದು, ಅದೇ ಅವಳ ಓದು. ಹಿಂಗೂ ಓದು ಐತಾ ಅಂತ ನಕ್ಕಿದ್ದೆ. ಆದ್ರೆ ಅವಳ ತಾಳ್ಮೆ ಏನು ಹೇಳ್ಲಿ? ಉಕ್ಕಿನ ತಂತಿ ಬ್ಯಾಡ, ಆಗ ಅದಿರ್ಲಿಲ್ಲ ಅಂತ ಕುರಿ ಕರುಳು ತಂದು, ತೊಳೆದು, ಹೊಸೆದು, ನೆರಳಲ್ಲಿ ಒಣಗಿಸಿ, ತಂತಿನೂ ತಾನೇ ಮಾಡಿದ್ಲು. ಬೆರಳು ಬೊಬ್ಬೆ ಎದ್ದು ಒಡೆದ್ರೂ ಬಿಡ್ಲಿಲ್ಲ. ತಪ್ಪು ಮಾಡಿದ್ದು ಒಂದೇ... ಮೆಟ್ಟುಗಳನ್ನ ಹಾರ್ಮೋನಿಯಂ ಸ್ವರಕ್ಕೆ ಕೂರಿಸಿದ್ಲು.

"ಬೆಳಿಗ್ಗೆ ನೋಡಿದ್ರೆ ಮೂರನೇ ಮೆಟ್ಟು ಜೋಳದ ಕಾಳಿನಷ್ಟು ಕೆಳಗೆ ಜರುಗೈತೆ. ಸರಿ ಮಾಡಿದ್ಲು. ಮಾರನೇ ದಿನ ಮತ್ತೆ ಅಷ್ಟೇ. ಮೇಣದಲ್ಲಿ ಹೆಬ್ಬೆರಳು ಒತ್ತಿದ ಗುರುತು, ಉಗುರಿನ ನಡುವೆ ಸೀಳು... ಮನೇರೆಲ್ಲರ ಕೈ ಹಿಡಿದು ನೋಡಿದ್ಲು. ಯಾರದ್ದು ಅಂತ ನನಗೆ ಗೊತ್ತಾಗಲ್ವಾ? ಬಾಯಿ ಬಿಡ್ಲಿಲ್ಲ.

"ಐದನೇ ದಿನ ಆ ಹುಡುಗಿ ಹಾರ್ಮೋನಿಯಂ ಮುಚ್ಚಿಟ್ಟು, ಮೆಟ್ಟು ಜರುಗಿದಲ್ಲೇ ಬಿಟ್ಟು ನುಡಿಸಿದ್ಲು. ನನ್ನ ಕೈಲಿದ್ದ ಮೊರ ಕೆಳಗೆ ಬಿತ್ತು. ನಮ್ಮ ಮಾವನೇ ನುಡಿಸಿದಂಗಿತ್ತು ಕಣ್ರಿ... ಒಂದೊಂದು ಹಾಡಿಗೆ ಒಂದೊಂದು ಮೆಟ್ಟು ಜರುಗ್ತಾ ಬಂತು. ಐದು ಹಾಡು ಆದ್ವು. ರಜೆ ಮುಗೀತು. ಮತ್ತೆ ಜರುಗಿದ್ರೆ ಒಂದು ಕಾಗದ ಹಾಕಮ್ಮ, ಆರನೇದು ಬಂದು ಕಲೀತೀನಿ ಅಂತ ಹೋದ್ಲು."

ಏಕನಾಥಮ್ಮ ಸುಲಿದ ಬೀಜವನ್ನು ಬೊಗಸೆಯಲ್ಲೆತ್ತಿ ಮತ್ತೆ ಸುರಿದಳು.

"ಜರುಗ್ತಾ ಅಜ್ಜಿ?" ಎಂದಳು ಕಾವ್ಯ.

"ಎಂಟೇ ದಿನಕ್ಕೆ. ಕಾಗದ ಬರೆದೆ, ಹಾಕ್ಲಿಲ್ಲ. ನನಗೆ ಇಲ್ಲ ಅಂದ ವಿದ್ಯೆನ ಸತ್ತ ಮ್ಯಾಲೆ ಬಂದು ಬ್ಯಾರೆ ಹುಡುಗಿಗೆ ಹೇಳಿಕೊಟ್ರಲ್ಲ, ಆ ಹೊಟ್ಟೆಉರಿ. ದಿನಾ ಬೆಳಿಗ್ಗೆ ಎದ್ದು ನನ್ನ ಹೆಬ್ಬೆರಳಿಂದ ಮೆಟ್ಟನ್ನ ಹಿಂದಕ್ಕೆ ತಳ್ಳಿದೆ. ಒಂಬತ್ತು ವರ್ಷ... ಹೋದ ವಾರ ರೇಡಿಯೋದಲ್ಲಿ ಅವಳು ನುಡಿಸಿದ್ದು ಕೇಳಿದೆ. ಏನು ಕೈ ಅದು! ಐದು ಹಾಡು ಮುಗಿಸಿ, ಆರನೇದಕ್ಕೆ ಇನ್ನೂ ಕಾಯ್ತಿದೀನಿ ಅಂದ್ಲು."

ಮುರುಗಪ್ಪ ನಗಲು ನೋಡಿದ. "ಬಿಸಿಲಿನ ಕಾವಿಗೆ ಮೇಣ ಮೆತ್ತಗಾಗಿ ಜರುಗಿರುತ್ತೆ ಬಿಡ್ರಮ್ಮ."

"ಬಿಸಿಲಿಗೆ ಉಗುರು ಐತೇನ್ರಿ?"

ಅವಳು ಬಲಗೈಯನ್ನು ದೀಪದ ಹತ್ತಿರ ಹಿಡಿದಳು. "ಏಟು ಬಿದ್ದಿಲ್ಲ, ಕಲ್ಲು ತಾಗಿಲ್ಲ. ಇವತ್ತು ಬೆಳಿಗ್ಗೆ ಎದ್ದು ನೋಡ್ತೀನಿ..."

ಹೆಬ್ಬೆರಳಿನ ಉಗುರು ನಟ್ಟನಡುವೆ, ಬುಡದವರೆಗೂ ಸೀಳಿತ್ತು.

"ಮೆಟ್ಟು ಜರುಗಿದಲ್ಲೇ ಐತೆ. ಇವತ್ತು ನಾನು ಹಿಂದಕ್ಕೆ ತಳ್ಳಿಲ್ಲ. ಮೇಣ ಇನ್ನೂ ಬೆಚ್ಚಗೈತೆ."

ಕಾವ್ಯ ಗೋಡೆಯಿಂದ ಸರಿದು ಅಜ್ಜಿಗೆ ಒತ್ತಿ ಕುಳಿತಳು. ಏಕನಾಥಮ್ಮ ಸೆರಗಿನ ಗಂಟು ಬಿಚ್ಚಿ, ಮಡಿಕೆಗಳಲ್ಲಿ ಹಳದಿಗಟ್ಟಿದ ಇನ್‌ಲ್ಯಾಂಡ್ ಕಾಗದ ತೆಗೆದು ಕೊಟ್ಟಳು. ಮುರುಗಪ್ಪ ಮತ್ತೋಡಿನ ವಿಳಾಸ ಓದಿದ, ಅದನ್ನು ಚೀಲದ ಒಳಜೇಬಿಗೆ ಸೇರಿಸಿದ. ಮಳೆ ನಿಂತಿರಲಿಲ್ಲ. ಆದರೂ ಸೈಕಲ್ಲನ್ನು ಹೊರಗೆ ತಳ್ಳಿಕೊಂಡು ಹೊರಟ.